ಗೋಡೆಗೆ ಸಿಕ್ಕಿಸುವ ಸರ್ವರ್: ಪುಟ್ಟ ಕಂಪ್ಯೂಟರ್ ಕೊಳ್ಳುವ ಮುನ್ನ

ಹಗಲೂ ರಾತ್ರಿ ಬಿಡದೆ ಒಂದು ವ್ಯಾಟ್ ಎಳೆಯುವ ಸಾಧನ ವರ್ಷಕ್ಕೆ 8.76 ಯೂನಿಟ್ ವಿದ್ಯುತ್ ಬಳಸುತ್ತದೆ. ಸದಾ ಚಾಲೂ ಇರುವ ಕಂಪ್ಯೂಟರೊಂದನ್ನು ಮನೆಯಲ್ಲಿ ಇಡಬೇಕೆಂದಿರುವವರು ಮೊದಲು ನೆನಪಿಟ್ಟುಕೊಳ್ಳಬೇಕಾದ ಸಂಖ್ಯೆ ಇದು. ಹಳೆಯ ಡೆಸ್ಕ್‌ಟಾಪ್ ಏನೂ ಕೆಲಸವಿಲ್ಲದೆ ಕೂತಾಗಲೂ 60 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಮನೆಮಂದಿಯ ಫೋಟೊಗಳನ್ನು ಕಾಪಿಡಲು ಅದನ್ನು ವರ್ಷವಿಡೀ ಓಡಿಸಿದರೆ 525 ಯೂನಿಟ್ ಖರ್ಚು. 5 ವ್ಯಾಟಿನ ಪುಟ್ಟ ಯಂತ್ರ ಅದೇ ಕೆಲಸವನ್ನು 44 ಯೂನಿಟ್‌ನಲ್ಲಿ ಮಾಡಿ ಮುಗಿಸುತ್ತದೆ. ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಮಿತಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಸುಪಾಸಿನಲ್ಲೇ ನಿಗದಿಯಾಗಿರುವುದರಿಂದ, ತಿಂಗಳಿಗೆ 44 ಯೂನಿಟ್ ಹೆಚ್ಚಾಗುವುದಕ್ಕೂ ನಾಲ್ಕು ಯೂನಿಟ್ ಹೆಚ್ಚಾಗುವುದಕ್ಕೂ ಬಿಲ್ಲಿನಲ್ಲಿ ದೊಡ್ಡ ಅಂತರವಿದೆ.

ಆದರೆ ಈ ಉಳಿತಾಯ ಪುಕ್ಕಟೆ ಬರುವುದಿಲ್ಲ. ಯಂತ್ರವನ್ನು ಅಷ್ಟು ಚಿಕ್ಕದಾಗಿ ಮಾಡುವಾಗ ಎಂಜಿನಿಯರುಗಳು ಏನನ್ನೋ ಕೈಬಿಟ್ಟಿರುತ್ತಾರೆ. ಕೊಳ್ಳುವವರ ಕಣ್ಣು ಸಾಮಾನ್ಯವಾಗಿ ಗಿಗಾಹರ್ಟ್ಸ್ ಮತ್ತು ರ‍್ಯಾಮ್ ಮೇಲೆ ನೆಟ್ಟಿರುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ: ಕರೆಂಟ್ ಯಾವ ದಾರಿಯಲ್ಲಿ ಒಳಗೆ ಬರುತ್ತದೆ? ಬಿಸಿ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ? ದತ್ತಾಂಶ ಯಾವುದರ ಮೇಲೆ ಕೂರುತ್ತದೆ? ಪುಟ್ಟ ಕಂಪ್ಯೂಟರುಗಳು ಕೈಕೊಡುವುದು ಬಹುತೇಕ ಈ ಜಾಗಗಳಲ್ಲೇ.

ಇದನ್ನು ಅರಿಯಲು ಶೀವಾಪ್ಲಗ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2009ರ ಆರಂಭದಲ್ಲಿ ಅಮೆರಿಕದ ಚಿಪ್ ಕಂಪನಿ ಮಾರ್ವೆಲ್ ಇದನ್ನು 99 ಡಾಲರ್ ಬೆಲೆಗೆ ಪರಿಚಯಿಸಿತು. ದಪ್ಪನೆಯ ಮೊಬೈಲ್ ಚಾರ್ಜರ್‌ನಂತೆ ಕಾಣುವ ಬಿಳಿ ಡಬ್ಬಿ. ಉದ್ದ 11 ಸೆಂಟಿಮೀಟರ್, ಅಗಲ 7, ದಪ್ಪ 5. ಒಳಗೆ 1.2 ಗಿಗಾಹರ್ಟ್ಸ್ ವೇಗದ ಆರ್ಮ್ ಮಾದರಿಯ ಕರ್ಕ್‌ವುಡ್ ಚಿಪ್, 512 ಎಂಬಿ ರ‍್ಯಾಮ್, 512 ಎಂಬಿ ಫ್ಲ್ಯಾಶ್ ಮೆಮೊರಿ. ಹೊರಗೆ ಗಿಗಾಬಿಟ್ ಈಥರ್ನೆಟ್, ಒಂದು ಯುಎಸ್‌ಬಿ, ಒಂದು ಎಸ್‌ಡಿ ಕಾರ್ಡ್ ಕಿಂಡಿ. ಡಬ್ಬಿಯನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ, ನೆಟ್‌ವರ್ಕ್ ಕೇಬಲ್ ಜೋಡಿಸಿದರೆ ಲಿನಕ್ಸ್ ಸರ್ವರ್ ಸಿದ್ಧ. ಸುಮ್ಮನಿದ್ದಾಗ ಸುಮಾರು 2.3 ವ್ಯಾಟ್, ಪ್ರೊಸೆಸರ್ ಪೂರ್ತಿ ದುಡಿಯುವಾಗ 7 ವ್ಯಾಟ್.

ಪರದೆ ಜೋಡಿಸಲು ಅದರಲ್ಲಿ ಜಾಗವೇ ಇರಲಿಲ್ಲ. ಗ್ರಾಫಿಕ್ಸ್ ಭಾಗವನ್ನು ಬಿಟ್ಟಿದ್ದರಿಂದ ವ್ಯಾಟ್ ಉಳಿಯಿತು, ಬೆಲೆ ಇಳಿಯಿತು. ಬಳಸುವವರು ಬೇರೆ ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕವೋ, ಮಿನಿ ಯುಎಸ್‌ಬಿ ಕೇಬಲ್ ಮೂಲಕವೋ ಒಳಹೊಕ್ಕು ಆದೇಶಗಳನ್ನು ಟೈಪ್ ಮಾಡಬೇಕು. ಇನ್ನೊಂದು ಕಡಿತ ಕಣ್ಣಿಗೆ ಕಾಣದ್ದು: ದಶಮಾಂಶ ಸಂಖ್ಯೆಗಳ ಲೆಕ್ಕ ಮಾಡುವ ಪ್ರತ್ಯೇಕ ಘಟಕ ಚಿಪ್ಪಿನಲ್ಲಿರಲಿಲ್ಲ. ಫೈಲುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಅದು ಬೇಕಿಲ್ಲ. ಸಾವಿರಾರು ಫೋಟೊಗಳನ್ನು ಚಿಕ್ಕದಾಗಿಸಲು, ವಿಡಿಯೊದ ಮಾದರಿ ಬದಲಿಸಲು ಬೇಕು. ಅಂಥ ಕೆಲಸ ಕೊಟ್ಟರೆ ಶೀವಾಪ್ಲಗ್ ತಡವರಿಸುತ್ತಿತ್ತು. ಮಾಡಬೇಕಾದ ಕೆಲಸ ಯಾವುದೆಂದು ಮೊದಲೇ ನಿರ್ಧರಿಸಿ, ಅದಕ್ಕೆ ಬೇಡವಾದದ್ದನ್ನೆಲ್ಲ ತೆಗೆದುಹಾಕಿದ ಈ ಧೈರ್ಯ ನನಗೆ ಇಂದಿಗೂ ಮೆಚ್ಚುಗೆ. ಆರ್ಮ್ ಕುಟುಂಬದ ಚಿಪ್ಪುಗಳ ಮಿತವ್ಯಯವನ್ನು ನೆಚ್ಚಿ ನಮ್ಮಲ್ಲೂ ಶೀವಾಪ್ಲಗ್‌ಗಿಂತ ಮೊದಲೇ ಕಂಪ್ಯೂಟರೊಂದು ಹುಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ ರೂಪಿಸಿದ ಸಿಂಪ್ಯೂಟರ್‌ನಲ್ಲಿದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್.

ಶೀವಾಪ್ಲಗ್ ಸೋತದ್ದು ಚಿಪ್ಪಿನಲ್ಲಲ್ಲ, ಅದಕ್ಕೆ ಕರೆಂಟ್ ಕೊಡುವ ಭಾಗದಲ್ಲಿ. ನಮ್ಮ ಗೋಡೆಯಲ್ಲಿರುವುದು 230 ವೋಲ್ಟ್ ಎಸಿ. ಅದನ್ನು ಡಿಸಿ ಮಾಡಿದಾಗ ಸುಮಾರು 325 ವೋಲ್ಟ್ ಆಗುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಅದನ್ನು ಕಡಿದು ಜೋಡಿಸಿ 5 ವೋಲ್ಟಿಗೆ ಇಳಿಸುವ ಮಂಡಲ ಆ ಡಬ್ಬಿಯೊಳಗೇ, ಪ್ರೊಸೆಸರಿನ ಮಗ್ಗುಲಲ್ಲೇ ಕೂತಿತ್ತು. ಎರಡೂ ಬಿಸಿಯಾಗುವ ಭಾಗಗಳು, ಎರಡಕ್ಕೂ ಒಂದೇ ಮುಚ್ಚಿದ ಪ್ಲಾಸ್ಟಿಕ್ ಕೋಣೆ. ಒಂದೆರಡು ವರ್ಷದಲ್ಲಿ ಈ ಪವರ್ ಸಪ್ಲೈ ಸುಟ್ಟುಹೋದ ದೂರು ಜಗತ್ತಿನ ಹಲವೆಡೆಗಳಿಂದ ಕೇಳಿಬಂತು. ಅನೇಕರು ಡಬ್ಬಿ ಬಿಚ್ಚಿ, ಹೊರಗಿನಿಂದ 5 ವೋಲ್ಟಿನ ಅಡಾಪ್ಟರ್ ಬೆಸೆದು, ಅದೇ ಬೋರ್ಡನ್ನು ಮತ್ತೆ ವರ್ಷಗಟ್ಟಲೆ ಓಡಿಸಿದರು.

ಇಂಥ ಸಪ್ಲೈಗಳಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಅದರೊಳಗಿನ ದ್ರವ ನಿಧಾನವಾಗಿ ಆರುತ್ತಾ ಹೋಗುತ್ತದೆ. ತಾಪ 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುತ್ತದೆಂದು ಗುರುತು ಹಾಕಿದ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ಇಪ್ಪತ್ತನಾಲ್ಕು ಗಂಟೆಯೂ ಓಡುವ ಯಂತ್ರದಲ್ಲಿ ಅದು ಮೂರೂವರೆ ವರ್ಷಕ್ಕೆ ಸ್ವಲ್ಪ ಹೆಚ್ಚು. ಡಬ್ಬಿಯ ಒಳಗೆ ಇನ್ನೂ 10 ಡಿಗ್ರಿ ಹೆಚ್ಚಿದ್ದರೆ ಎರಡು ವರ್ಷವೂ ಪೂರ್ತಿಯಾಗುವುದಿಲ್ಲ. ದಿನಕ್ಕೆ ಎರಡು ಗಂಟೆ ಬಳಸುವ ಸಾಧನದಲ್ಲಿ ಇದೇ ಬಿಡಿಭಾಗ ದಶಕಗಳ ಕಾಲ ಬಾಳೀತು. ಸದಾ ಉರಿಯುವ ಯಂತ್ರಕ್ಕೆ ಬೇರೆಯೇ ಅಳತೆಗೋಲು ಬೇಕು ಎನ್ನುವುದು ಇದಕ್ಕೇ.

ಶೀವಾಪ್ಲಗ್ ಒಬ್ಬಂಟಿಯಾಗಿ ಉಳಿಯಲಿಲ್ಲ. ಅದನ್ನು ಮಾರುತ್ತಿದ್ದ ಗ್ಲೋಬಲ್‌ಸ್ಕೇಲ್ ಕಂಪನಿ 2010ರಲ್ಲಿ ಗುರುಪ್ಲಗ್ ತಂದಿತು. ಅದರ ಮೇಲ್ದರ್ಜೆಯ ಮಾದರಿಯಲ್ಲಿ ಎರಡು ಗಿಗಾಬಿಟ್ ಈಥರ್ನೆಟ್, ವೈಫೈ, ಬ್ಲೂಟೂತ್, ಹಾರ್ಡ್ ಡಿಸ್ಕಿಗೆ ಇ-ಸಾಟಾ ಎಲ್ಲವೂ ಇತ್ತು. ಡಬ್ಬಿ ಮಾತ್ರ ದೊಡ್ಡದಾಗಲಿಲ್ಲ. ಗಿಗಾಬಿಟ್ ವೇಗದಲ್ಲಿ ಓಡಿಸಿದರೆ ಯಂತ್ರ ವಿಪರೀತ ಕಾಯುತ್ತಿತ್ತು. ಕೊನೆಗೆ ಕಂಪನಿ ಫ್ಯಾನ್ ಸೇರಿಸಬೇಕಾಯಿತು. ಸದ್ದಿಲ್ಲದ ಪುಟ್ಟ ಸರ್ವರ್ ಬೇಕೆಂದು ಕೊಂಡವರಿಗೆ ಕೀರಲು ದನಿಯ ಫ್ಯಾನ್ ಸಿಕ್ಕಿತು. 2011ರ ಡ್ರೀಮ್‌ಪ್ಲಗ್ ಹೊತ್ತಿಗೆ ಪಾಠ ಕಲಿತಾಗಿತ್ತು: ಪವರ್ ಸಪ್ಲೈಯನ್ನು ಬೇರ್ಪಡಿಸಬಹುದಾದ ಪ್ರತ್ಯೇಕ ತುಂಡಾಗಿ ಮಾಡಿದರು. ಅದು ಕೆಟ್ಟರೆ ಬದಲಿಸಿದರಾಯಿತು, ಕಂಪ್ಯೂಟರ್ ಉಳಿಯುತ್ತದೆ.

ಬಿಸಿಯ ವಿಚಾರ ನಮ್ಮ ನಾಡಿನಲ್ಲಿ ಊರಿಂದೂರಿಗೆ ಬದಲಾಗುತ್ತದೆ. ಫ್ಯಾನಿಲ್ಲದ ಮುಚ್ಚಿದ ಡಬ್ಬಿಯೊಳಗೆ ಪ್ರತಿ ವ್ಯಾಟಿಗೆ ಚಿಪ್ಪಿನ ತಾಪ 10 ಡಿಗ್ರಿ ಏರುತ್ತದೆ ಎಂದುಕೊಳ್ಳೋಣ. 4 ವ್ಯಾಟ್ ದುಡಿಮೆಗೆ 40 ಡಿಗ್ರಿ ಏರಿಕೆ. ಮಡಿಕೇರಿಯ 22 ಡಿಗ್ರಿ ಕೋಣೆಯಲ್ಲಿ ಚಿಪ್ 62ರಲ್ಲಿ ನಿಲ್ಲುತ್ತದೆ. ಬೇಸಿಗೆಯ ಮಧ್ಯಾಹ್ನ ಕಲಬುರಗಿಯ ಕೋಣೆಯಲ್ಲಿ 42 ಡಿಗ್ರಿ ಇದ್ದರೆ ಅದೇ ಚಿಪ್ 82 ಮುಟ್ಟುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ 80 ಡಿಗ್ರಿ ಮುಟ್ಟಿದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಲು ಶುರುಮಾಡುತ್ತದೆ. ಬೆಂಗಳೂರಿನ ಗೆಳೆಯರ ಮನೆಯಲ್ಲಿ ಚೆನ್ನಾಗಿ ಓಡಿದ ಯಂತ್ರ ರಾಯಚೂರಿನಲ್ಲಿ ಮಂಕಾದರೆ ಅದಕ್ಕೆ ಇದೇ ಕಾರಣವಿದ್ದೀತು. ಬಯಲುಸೀಮೆಯವರು ಪ್ಲಾಸ್ಟಿಕ್ ಕೇಸ್ ಬಿಟ್ಟು, ಇಡೀ ಮೈಯೇ ಹೀಟ್ ಸಿಂಕ್ ಆಗಿರುವ ಅಲ್ಯೂಮಿನಿಯಂ ಕೇಸ್ ಕೊಳ್ಳುವುದು ಒಳ್ಳೆಯದು. ಕರಾವಳಿಯಲ್ಲಿ ತೇವ ಮತ್ತು ಉಪ್ಪುಗಾಳಿ ಇರುವುದರಿಂದ ಹೊರಗಿನ ಗಾಳಿಯನ್ನು ಒಳಗೆಳೆಯುವ ಫ್ಯಾನಿಗಿಂತ ಫ್ಯಾನಿಲ್ಲದ ಲೋಹದ ಕೇಸೇ ಲೇಸು. ವೈಫೈ ಬಳಸುವುದಾದರೆ ಮಾತ್ರ ಲೋಹ ಅದರ ಸಂಕೇತವನ್ನು ಸ್ವಲ್ಪ ತಡೆಯುತ್ತದೆ ಎಂಬುದು ನೆನಪಿರಲಿ.

ಗೋಡೆಗೆ ನೇರವಾಗಿ ಸಿಕ್ಕಿಸುವ ವಿನ್ಯಾಸದಲ್ಲಿ ಇನ್ನೊಂದು ತೊಡಕಿದೆ. ತೂಕದ ಡಬ್ಬಿ ಸಾಕೆಟ್ಟಿನಲ್ಲಿ ಜೋತುಬಿದ್ದಾಗ ಪಿನ್ನಿನ ಹಿಡಿತ ಸಡಿಲವಾಗುತ್ತಾ ಹೋಗುತ್ತದೆ, ಕಿಡಿ ಹಾರುತ್ತದೆ, ಸಾಕೆಟ್ಟಿನ ಬಾಯಿ ಕಪ್ಪಾಗುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಪಕ್ಕದ ಎರಡು ಸಾಕೆಟ್ಟುಗಳನ್ನೂ ಅದು ಮುಚ್ಚುತ್ತದೆ. ಶೀವಾಪ್ಲಗ್‌ನಲ್ಲಿ ಪಿನ್ ಇರುವ ತುಂಡನ್ನು ಕಳಚಿ ವಯರ್ ಜೋಡಿಸುವ ಅನುಕೂಲವಿತ್ತು. ಈಗಲೂ ಅಂಥ ಸಾಧನ ಸಿಕ್ಕರೆ ವಯರಿನ ದಾರಿಯನ್ನೇ ಆರಿಸಿಕೊಳ್ಳಿ.

2012ರ ಫೆಬ್ರುವರಿ 29ರಂದು ಬ್ರಿಟನ್ನಿನ ರಾಸ್ಪ್‌ಬೆರಿ ಪೈ 35 ಡಾಲರಿಗೆ ಮಾರಾಟಕ್ಕೆ ಬಂದಾಗ ಪವರ್ ಸಪ್ಲೈಯ ಪ್ರಶ್ನೆಯನ್ನು ಅದು ಪೂರ್ತಿ ಹೊರಗೆ ತಳ್ಳಿತು: ನಿಮ್ಮಲ್ಲಿರುವ ಮೊಬೈಲ್ ಚಾರ್ಜರ್ ತಂದು ಜೋಡಿಸಿ. ಬೆಲೆ ಇಳಿಯಿತು, ಬೋರ್ಡ್ ತಣ್ಣಗಾಯಿತು. ಆದರೆ ತೊಂದರೆ ಕೇಬಲ್ಲಿಗೆ ವರ್ಗವಾಯಿತು. ಅಗ್ಗದ ತೆಳು ಕೇಬಲ್ಲಿನ ರೋಧ ಕಾಲು ಓಮ್ ಇದ್ದರೆ, ಅದರಲ್ಲಿ 2 ಆಂಪಿಯರ್ ಹರಿದಾಗ ಅರ್ಧ ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. 5 ವೋಲ್ಟ್ ಹೊರಟದ್ದು ಬೋರ್ಡಿಗೆ ತಲುಪುವಾಗ 4.5. ಪೈ 4.63 ವೋಲ್ಟಿಗಿಂತ ಕೆಳಗಿಳಿದರೆ ಪರದೆಯ ಮೇಲೆ ಮಿಂಚಿನ ಗುರುತು ತೋರಿಸುತ್ತದೆ. ಪರದೆಯನ್ನೇ ಜೋಡಿಸದ ಸರ್ವರಿನಲ್ಲಿ ಆ ಗುರುತನ್ನು ಯಾರೂ ನೋಡುವುದಿಲ್ಲ. ಹಾರ್ಡ್ ಡಿಸ್ಕ್ ಆಗಾಗ ಕಳಚಿಹೋಗುತ್ತದೆ, ಫೈಲು ಹಾಳಾಗುತ್ತದೆ, ದೋಷ ಡಿಸ್ಕಿನದೆಂದು ಭಾವಿಸಿ ಹೊಸ ಡಿಸ್ಕ್ ತರುತ್ತಾರೆ. ಪೈ ಜೊತೆಗೆ ಮಾರುವ ಅಧಿಕೃತ ಅಡಾಪ್ಟರುಗಳು 5ರ ಬದಲು 5.1 ವೋಲ್ಟ್ ಕೊಡುವುದು ಈ ಸೋರಿಕೆಯನ್ನು ಲೆಕ್ಕಕ್ಕಿಟ್ಟುಕೊಂಡೇ. ಅಡಾಪ್ಟರಿಗೆ ಹಣ ಉಳಿಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. 2023ರಲ್ಲಿ ಬಂದ ಪೈ 5ಕ್ಕೆ 5 ಆಂಪಿಯರ್ ಕೊಡುವ 27 ವ್ಯಾಟಿನ ಅಡಾಪ್ಟರ್ ಇದ್ದರೆ ಯುಎಸ್‌ಬಿ ಕಿಂಡಿಗಳಿಗೆ ಒಟ್ಟು 1.6 ಆಂಪಿಯರ್ ಸಿಗುತ್ತದೆ. 3 ಆಂಪಿಯರಿನ ಅಡಾಪ್ಟರ್ ಹಾಕಿದರೆ 0.6 ಮಾತ್ರ. ತಿರುಗುವ ಹಾರ್ಡ್ ಡಿಸ್ಕ್ ಎದ್ದು ನಿಲ್ಲಲು ಅಷ್ಟು ಸಾಲದು.

ಟಿವಿಯ ಹಿಂದೆ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಕಡ್ಡಿ ಕಂಪ್ಯೂಟರುಗಳ ಕಾಲವೂ ಒಂದಿತ್ತು. 2015ರಲ್ಲಿ ಇಂಟೆಲ್ ಕಂಪ್ಯೂಟ್ ಸ್ಟಿಕ್ ಬಂತು; ಅದೇ ವರ್ಷ ಭಾರತದಲ್ಲಿ ಐಬಾಲ್ ಸ್ಪ್ಲೆಂಡೊ 8,999 ರೂಪಾಯಿಗೆ ಬಂತು. ಎರಡರ ವಿಂಡೋಸ್ ಮಾದರಿಯಲ್ಲೂ 2 ಜಿಬಿ ರ‍್ಯಾಮ್, 32 ಜಿಬಿ ಸಂಗ್ರಹ, ಒಳಗಿನ ಈ ಎರಡನ್ನೂ ಹೆಚ್ಚಿಸುವಂತಿರಲಿಲ್ಲ. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ಆ ಜಾಗದ ಬಹುಪಾಲು ನುಂಗಿದವು. ಹಳೆಯ ಕಡ್ಡಿ ಕಡಿಮೆ ಬೆಲೆಗೆ ಸಿಕ್ಕಿದರೂ ಸರ್ವರ್ ಆಗಿ ಅದನ್ನು ಕೊಳ್ಳಬೇಡಿ.

ಈಗ ದತ್ತಾಂಶದ ವಿಚಾರ. ಪೈ ಸಾಮಾನ್ಯವಾಗಿ ಓಡುವುದು ಮೈಕ್ರೊ ಎಸ್‌ಡಿ ಕಾರ್ಡಿನಿಂದ. ಮೊಬೈಲ್ ಫೋನುಗಳಿಗೆಂದು ರೂಪಿಸಿದ ಕಾರ್ಡದು. ಫೋಟೊ ಬರೆದು ಸುಮ್ಮನಾಗುವುದು ಅದರ ರೂಢಿ. ಲಿನಕ್ಸ್ ಹಾಗಲ್ಲ, ತನ್ನ ದಿನಚರಿಯನ್ನು ಕ್ಷಣಕ್ಷಣವೂ ಬರೆಯುತ್ತಿರುತ್ತದೆ. ಫ್ಲ್ಯಾಶ್ ಮೆಮೊರಿಯ ಪ್ರತಿ ಭಾಗವನ್ನೂ ಅಳಿಸಿ ಬರೆಯಲು ಇಂತಿಷ್ಟೇ ಸಲ ಎಂಬ ಮಿತಿಯಿದೆ. ಅದಕ್ಕಿಂತ ದೊಡ್ಡ ಶತ್ರು ನಮ್ಮ ಕರೆಂಟ್. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಅರ್ಧ ಬರೆದ ಭಾಗ ಮಾತ್ರವಲ್ಲ, ಯಾವ ದತ್ತಾಂಶ ಎಲ್ಲಿದೆ ಎಂಬ ಕಾರ್ಡಿನ ಒಳಲೆಕ್ಕವೇ ಕೆಡಬಹುದು. ಮಳೆಗಾಲದ ಮಲೆನಾಡಿನಲ್ಲಿ ದಿನಕ್ಕೆ ಎಷ್ಟೋ ಸಲ ಕರೆಂಟ್ ಹೋಗಿಬರುತ್ತದೆ. ಅಲ್ಲಿ ಬ್ಯಾಟರಿ ಆಸರೆಯಿಲ್ಲದೆ ಇಂಥ ಯಂತ್ರ ಇಡುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ರೌಟರಿಗೆಂದೇ ಮಾರುವ ಪುಟ್ಟ ಯುಪಿಎಸ್‌ಗಳಲ್ಲಿ 12 ವೋಲ್ಟಿನ ಜೊತೆ 5 ವೋಲ್ಟಿನ ಕಿಂಡಿಯೂ ಇರುವವು ಸಿಗುತ್ತವೆ. ಆ 5 ವೋಲ್ಟಿನ ಕಿಂಡಿ ಎಷ್ಟು ಆಂಪಿಯರ್ ಕೊಡುತ್ತದೆ ಎಂದು ಅಂಗಡಿಯಲ್ಲೇ ಓದಿ ನೋಡಿ. 1 ಆಂಪಿಯರ್ ಎಂದಿದ್ದರೆ ಚಿಕ್ಕ ಪೈ ಜೀರೊಗೆ ಸಾಕು, ಪೈ 4ಕ್ಕೆ ಸಾಲದು.

ಕಾರ್ಡ್ ಬಳಸಲೇಬೇಕಾದರೆ ಸಿಸಿ ಕ್ಯಾಮೆರಾಗಳಿಗಾಗಿ ಮಾರುವ ಹೆಚ್ಚು ಬಾಳಿಕೆಯ ಕಾರ್ಡ್ ಕೊಳ್ಳಿ. ಕಾರ್ಡಿಗೆ ಏನನ್ನೂ ಬರೆಯದೆ ಓದಿಕೊಂಡಷ್ಟೇ ಓಡುವಂತೆ ಮಾಡುವ ಸೌಲಭ್ಯ ಪೈಯ ಸೆಟ್ಟಿಂಗುಗಳಲ್ಲೇ ಇದೆ. ಒಂದೇ ಕೆಲಸಕ್ಕೆ ಮೀಸಲಾದ ಯಂತ್ರಕ್ಕೆ ಅದು ಬಹಳ ಒಳ್ಳೆಯದು. ಫೋಟೊ, ದಾಖಲೆ ಇಡುವುದಾದರೆ ಕಾರ್ಡನ್ನು ಮರೆತು ಎಸ್‌ಎಸ್‌ಡಿ ಜೋಡಿಸಿ.

ಒಳಗಿನ ರಸ್ತೆಯ ಅಗಲವನ್ನೂ ವಿಚಾರಿಸಿ. ಮೊದಲ ಪೈಯಲ್ಲಿ ಈಥರ್ನೆಟ್ ಮತ್ತು ಯುಎಸ್‌ಬಿ ಕಿಂಡಿಗಳೆಲ್ಲ ಒಂದೇ ಯುಎಸ್‌ಬಿ 2.0 ದಾರಿಯನ್ನು ಹಂಚಿಕೊಂಡಿದ್ದವು. 2018ರ ಪೈ 3 ಬಿ ಪ್ಲಸ್‌ನಲ್ಲಿ ಗಿಗಾಬಿಟ್ ಕಿಂಡಿ ಇದ್ದರೂ ಈ ಇಕ್ಕಟ್ಟಿನಿಂದಾಗಿ 300 ಮೆಗಾಬಿಟ್ ದಾಟುತ್ತಿರಲಿಲ್ಲ. 2019ರ ಪೈ 4ರಲ್ಲಷ್ಟೇ ಪೂರ್ಣ ಗಿಗಾಬಿಟ್ ಬಂತು. ಆದ್ದರಿಂದ ಹಳೆಯ ಪೈ 3 ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಫೈಲ್ ಸರ್ವರ್ ಮಾಡಹೊರಡುವುದು ಬೇಡ.

ತಂತ್ರಾಂಶದ ಆಯಸ್ಸು ಯಂತ್ರದ ಆಯಸ್ಸಿಗಿಂತ ಚಿಕ್ಕದಾಗಿರುವುದುಂಟು. ಶೀವಾಪ್ಲಗ್ ಉಬುಂಟು 9.04 ಹೊತ್ತು ಬಂತು. ಆಮೇಲಿನ ಉಬುಂಟು ಆವೃತ್ತಿಗಳು ಅದರ ಹಳೆಯ ಮಾದರಿಯ ಚಿಪ್ಪಿಗೆ ಬೆಂಬಲ ಕೈಬಿಟ್ಟವು. ಡೆಬಿಯನ್ ಮಾತ್ರ ಇನ್ನೂ ಹಲವು ವರ್ಷ ಕೈಹಿಡಿಯಿತು. ಅದೇ ಕಾಲದ ಪೋಗೊಪ್ಲಗ್ ಎಂಬ ಸಾಧನ ತಯಾರಕರ ಅಂತರ್ಜಾಲ ಸೇವೆಯನ್ನು ಅವಲಂಬಿಸಿತ್ತು. ಅದರ ಮೇಲೆ ಡೆಬಿಯನ್ ಅಥವಾ ಆರ್ಚ್ ಲಿನಕ್ಸ್ ಹಾಕಿಕೊಂಡವರು ಆ ಅವಲಂಬನೆಯಿಂದ ಹೊರಬಂದರು. ಪೆಟ್ಟಿಗೆಯ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಒಂದು ಪ್ರಶ್ನೆ ಕೇಳಿ: ಕಂಪನಿಯ ಸೇವೆ ನಿಂತ ಮೇಲೆ ಇದರಲ್ಲಿ ಸಾಮಾನ್ಯ ಲಿನಕ್ಸ್ ಓಡುತ್ತದೆಯೇ? ಸ್ಪಷ್ಟ ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ನಮ್ಮ ಪತ್ರ, ಫೋಟೊ, ಸಂಪರ್ಕಗಳು ನಮ್ಮ ಮನೆಯಲ್ಲೇ ಇರಬೇಕೆಂದು ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಎಬೆನ್ ಮೊಗ್ಲೆನ್ 2010ರಲ್ಲಿ ನ್ಯೂಯಾರ್ಕಿನಲ್ಲಿ ವಾದಿಸಿದಾಗ ಅವರ ಕಣ್ಣೆದುರಿಗಿದ್ದದ್ದು ಇಂಥ ಪ್ಲಗ್ ಕಂಪ್ಯೂಟರುಗಳೇ. ಅದರಿಂದ ಹುಟ್ಟಿದ ಫ್ರೀಡಂಬಾಕ್ಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಪೈ ಮೇಲೂ ಓಡುತ್ತದೆ. ಹೊಸಬರಿಗೆ ಅದು ಒಳ್ಳೆಯ ಆರಂಭ.

ಹಾಗಾದರೆ ಈಗ ಏನನ್ನು ಕೊಳ್ಳಬೇಕು? ಮನೆಯ ಎಲ್ಲ ಮೊಬೈಲುಗಳಲ್ಲೂ ಜಾಹೀರಾತು ತಡೆಯುವ ಪೈ-ಹೋಲ್‌ನಂಥ ಹಗುರ ಕೆಲಸಕ್ಕೆ ಪೈ ಜೀರೊ 2 ಡಬ್ಲ್ಯು ಸಾಕು. 512 ಎಂಬಿ ರ‍್ಯಾಮ್, ಸುಮ್ಮನಿದ್ದಾಗ ಒಂದು ವ್ಯಾಟಿನ ಆಸುಪಾಸು. ಅದರಲ್ಲಿ ಈಥರ್ನೆಟ್ ಇಲ್ಲ, ವೈಫೈ ಮಾತ್ರ. ಫೋಟೊ, ಬ್ಯಾಕಪ್ಪಿಗೆ ಎಸ್‌ಎಸ್‌ಡಿ ಜೋಡಿಸಿದ ಪೈ 4 ಅಥವಾ 5. ವಿಡಿಯೊ ಮಾದರಿ ಬದಲಿಸುವಂಥ ಭಾರದ ಕೆಲಸವಿದ್ದರೆ ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ ನೋಡಿ. ಚಿಪ್ಪಿನ ವಿನ್ಯಾಸ ಮಿತಿ 6 ವ್ಯಾಟ್ ಎಂದಿದ್ದರೂ ಇಡೀ ಪೆಟ್ಟಿಗೆ ಎಳೆಯುವುದು ಅದಕ್ಕಿಂತ ಹೆಚ್ಚು. ಈ ವ್ಯತ್ಯಾಸ ಎಲ್ಲ ಯಂತ್ರಗಳಿಗೂ ಅನ್ವಯ. ಆದ್ದರಿಂದ ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಹಾಕುವ ವ್ಯಾಟ್ ಮೀಟರ್ ಒಂದನ್ನು ತಂದು ನೀವೇ ಅಳೆಯಿರಿ.

ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಏನನ್ನೂ ಕೊಳ್ಳದೆ ಅದರಿಂದಲೇ ಶುರುಮಾಡಬಹುದು. ಪರದೆ ಆರಿಸಿದರೆ ಹತ್ತು ಹದಿನೈದು ವ್ಯಾಟ್ ಎಳೆದೀತು, ಆದರೆ ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಕೂಡಲೇ ತೆಗೆಸಿಬಿಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಕಚೇರಿಗಳಿಂದ ಹೊರಬಿದ್ದ ಥಿನ್ ಕ್ಲೈಂಟ್ ಪೆಟ್ಟಿಗೆಗಳನ್ನೂ ವಿಚಾರಿಸಿ. ಇವುಗಳಲ್ಲಿ ಬಹಳಷ್ಟಕ್ಕೆ ಫ್ಯಾನಿಲ್ಲ, ಲೋಹದ ಮೈ, ಹೊರಗಿನ ಅಡಾಪ್ಟರ್, ಇಡೀ ದಿನ ಓಡಲೆಂದೇ ಮಾಡಿದ್ದು. ಕೊಳ್ಳುವಾಗ ಮೂಲ ಅಡಾಪ್ಟರನ್ನೇ ಕೇಳಿ ಪಡೆಯಿರಿ, ಅಂಗಡಿಯಲ್ಲೇ ಒಮ್ಮೆ ಆನ್ ಮಾಡಿಸಿ, ಬಯೋಸ್‌ಗೆ ಪಾಸ್‌ವರ್ಡ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಕರೆಂಟ್ ಮರಳಿದಾಗ ತಾನಾಗಿ ಚಾಲೂ ಆಗುವ ಆಯ್ಕೆ ಬಯೋಸ್‌ನಲ್ಲಿದೆಯೇ ಎಂದೂ ನೋಡಿ; ಅದಿಲ್ಲದ ಸರ್ವರನ್ನು ಪ್ರತಿ ಸಲ ಯಾರಾದರೂ ಹೋಗಿ ಒತ್ತಬೇಕಾಗುತ್ತದೆ.

ಶಾಲೆಗಳ ವಿಷಯದಲ್ಲಿ ನನಗೆ ವಿಶೇಷ ಆಸೆಯಿದೆ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಕೊಂಡು ಒಂದು ಪೈಯಲ್ಲಿ ಇಡಬಹುದು. ಪೈ ತಾನೇ ವೈಫೈ ಹರಡುತ್ತದೆ. ಮಕ್ಕಳು ಟ್ಯಾಬ್ ಅಥವಾ ಫೋನಿನಿಂದ ಅಂತರ್ಜಾಲವಿಲ್ಲದೆಯೇ ಓದುತ್ತಾರೆ. ಕಾರ್ಡಿಗೆ ಬರೆಯುವ ಕೆಲಸ ಇಲ್ಲಿ ಇಲ್ಲವೇ ಇಲ್ಲವೆನ್ನಬಹುದು, ಹಾಗಾಗಿ ಓದಿಕೊಂಡಷ್ಟೇ ಓಡುವ ವಿಧಾನ ಹೇಳಿಮಾಡಿಸಿದಂತಿದೆ. ನೆಟ್‌ವರ್ಕ್ ಸರಿಯಾಗಿ ಸಿಗದ ಊರುಗಳ ಶಿಕ್ಷಕರು ಇದನ್ನು ಖಂಡಿತ ಪ್ರಯತ್ನಿಸಬೇಕು. ಒಂದು ಎಚ್ಚರಿಕೆ ಮಾತ್ರ: ಪೈ 4ರವರೆಗಿನ ಮಾದರಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಅಂತರ್ಜಾಲವಿಲ್ಲದ ಕಡೆ ಕರೆಂಟ್ ಹೋಗಿಬಂದರೆ ದಿನಾಂಕ ತಪ್ಪುತ್ತದೆ. ಓದಲು ಅಡ್ಡಿಯಿಲ್ಲ, ಹಾಜರಿ ಅಥವಾ ದಾಖಲೆ ಇಡುವುದಾದರೆ ಗಡಿಯಾರದ ಪುಟ್ಟ ಬೋರ್ಡೊಂದನ್ನು ಸೇರಿಸಬೇಕು.

ಮನೆಯ ಹೊರಗಿನಿಂದ ನಿಮ್ಮ ಯಂತ್ರವನ್ನು ತಲುಪಬೇಕೆಂದರೆ ಇನ್ನೊಂದು ತಡೆ ಎದುರಾಗುತ್ತದೆ. ಅನೇಕ ಅಂತರ್ಜಾಲ ಸೇವೆಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತವೆ, ಹಾಗಾಗಿ ಹೊರಗಿನಿಂದ ನೇರ ದಾರಿ ಇರುವುದಿಲ್ಲ. ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗ ಬಳಸಿದರೆ ಕೆಲಸವಾಗುತ್ತದೆ, ರೌಟರಿನಲ್ಲಿ ಬಾಗಿಲು ತೆರೆಯುವ ಅಪಾಯವೂ ಇರುವುದಿಲ್ಲ. ಮೊದಲಿನಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ.

ಯಂತ್ರವನ್ನು ಬೀರುವಿನ ಒಳಗೆ, ಸೋಫಾದ ಹಿಂದೆ ಇಡಬೇಡಿ. ಗಾಳಿಯಾಡುವ, ಇರುವೆ ಹಲ್ಲಿ ನುಗ್ಗದ ಎತ್ತರದ ಜಾಗ ಹುಡುಕಿ. ಅದರ ಮೇಲೆ ಭರವಸೆಯಿಟ್ಟು ಫೋನಿನ ಫೋಟೊಗಳನ್ನು ಅಳಿಸುವ ಮುನ್ನ ಕೆಲವು ವಾರ ಸುಮ್ಮನೆ ಓಡಿಸಿ, ವೋಲ್ಟೇಜ್ ಇಳಿದ ಮತ್ತು ತಾಪ ಏರಿದ ದಾಖಲೆ ಇದೆಯೇ ಎಂದು ಪರೀಕ್ಷಿಸಿ. ಒಂದು ಸಂಜೆ ಬೇಕೆಂದೇ ಸ್ವಿಚ್ ಆರಿಸಿ, ಮತ್ತೆ ಹಾಕಿ, ತಾನಾಗಿ ಮೇಲೇಳುತ್ತದೆಯೇ ನೋಡಿ. ಬ್ಯಾಕಪ್ಪಿನಿಂದ ಒಂದು ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಮರಳಿ ತಂದು, ಫೋಟೊಗಳು ತೆರೆಯುತ್ತವೆಯೇ ಎಂದೂ ನೋಡಿ. ಪ್ರಾಣದಷ್ಟು ಮುಖ್ಯವಾದ ಚಿತ್ರಗಳ ಇನ್ನೊಂದು ಪ್ರತಿ ಬೇರೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿರಲಿ.